ಕಮಲಾ ಸೊಹೊನಿಯವರ ಬಗ್ಗೆ ಬರೆಯಹೊರಟ ಗೆಳತಿಗೆ

ಪ್ರಿಯ ಗೆಳತಿ,

ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿಯವರ ಬಗ್ಗೆ ನೀನು ಬರೆದ ಕರಡಿನ ಮುಕ್ಕಾಲು ಭಾಗ ಸಿ.ವಿ. ರಾಮನ್ ಅವರೇ ತುಂಬಿಕೊಂಡಿದ್ದಾರೆ. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ) ಸೇರಲು ಬಂದವಳಿಗೆ ಆಗ ಅಲ್ಲಿ ನಿರ್ದೇಶಕರಾಗಿದ್ದ ರಾಮನ್ ಹೆಣ್ಣೆಂಬ ಕಾರಣಕ್ಕೆ ಸೀಟು ನಿರಾಕರಿಸಿದ್ದು, ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡಿದ್ದು: ಇದಕ್ಕೆ ಎರಡು ಪ್ಯಾರಾ ಸಾಕು. ಅವಮಾನವನ್ನೇ ಹಿಗ್ಗಿಸಿದರೆ ವಿಜ್ಞಾನಿ ಮರೆಯಾಗುತ್ತಾಳೆ. ಅಲ್ಲಿ ಆಕೆ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ನಿನ್ನ ಬರಹದಲ್ಲಿ ಬೇಳೆಯ ಸುಳಿವೇ ಇಲ್ಲ!

ಇವರ ಪ್ರಬಂಧಗಳನ್ನು ಹುಡುಕುವಾಗ ‘ಸೊಹೊನಿ’ ಎಂದಷ್ಟೇ ಹುಡುಕಬೇಡ. ಮದುವೆಗೆ ಮುಂಚಿನ ಪ್ರಬಂಧಗಳು ‘ಭಾಗವತ್’ ಹೆಸರಿನಲ್ಲಿವೆ. (ಮರಾಠಿ ಲೇಖಕಿ ದುರ್ಗಾ ಭಾಗವತ್ ಇವರ ಸೋದರಿ.)

‘ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ’ ಎಂಬ ವಾಕ್ಯವನ್ನು ಹೊಡೆದುಹಾಕು. ಇವರು ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದದ್ದು 1939ರಲ್ಲಿ; ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಮಿಚಿಗನ್‌ನಿಂದ ಡಿ.ಎಸ್ಸಿ. ಪಡೆದಿದ್ದರು. ಯಾವ ಪದವಿ, ಯಾವ ವಿಶ್ವವಿದ್ಯಾಲಯ, ಯಾವ ವರ್ಷ ಎಂದು ಹೇಳದ ‘ಮೊದಲು’ ಒಂದಲ್ಲ ಒಂದು ದಿನ ಕೈಕೊಡುತ್ತದೆ.

ಇನ್ನು ಕೇಂಬ್ರಿಜ್‌ನಲ್ಲಿ ಇವರು ಕೆಲಸ ಮಾಡಿದ ಸೈಟೋಕ್ರೋಮ್ ಸಿ. ಬರಹದ ಜೀವ ಇರುವುದು ಇಲ್ಲಿ, ನೀನು ಓಡಿಹೋಗಿರುವುದೂ ಇಲ್ಲೇ. ಅದನ್ನು ‘ಕಿಣ್ವ’ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು) ಎಂದಿದ್ದೀಯ. ಎಷ್ಟೋ ಲೇಖನಗಳು ಹಾಗೇ ಬರೆಯುತ್ತವೆ. ಆದರೆ ಅದು ಜೀವಕೋಶದ ಉಸಿರಾಟದಲ್ಲಿ ಎಲೆಕ್ಟ್ರಾನ್ ಹೊರುವ ಪ್ರೋಟೀನು. ಅದರಿಂದ ಎಲೆಕ್ಟ್ರಾನ್ ಪಡೆದು ಆಮ್ಲಜನಕಕ್ಕೆ ದಾಟಿಸುವ ಸೈಟೋಕ್ರೋಮ್ ಆಕ್ಸಿಡೇಸ್ ಎಂಬುದು ಕಿಣ್ವ. ಎಲೆಕ್ಟ್ರಾನ್ ಹೊತ್ತಾಗ ಸೈಟೋಕ್ರೋಮ್ ಸಿ 550 ನ್ಯಾನೋಮೀಟರ್ ತರಂಗಾಂತರದ ಹತ್ತಿರದ ಹಸಿರು ಬೆಳಕನ್ನು ಹೀರುತ್ತದೆ, ಬೆಳಕಿನ ಬಣ್ಣಪಟ್ಟಿಯಲ್ಲಿ ಕಪ್ಪು ಗೆರೆ ಮೂಡುತ್ತದೆ. ಇಳಿಸಿದೊಡನೆ ಗೆರೆ ಮಾಸುತ್ತದೆ. ಪ್ರಾಣಿಗಳಲ್ಲಿ, ಯೀಸ್ಟಿನಲ್ಲಿ, ಸಸ್ಯಗಳಲ್ಲೂ ಸೈಟೋಕ್ರೋಮ್ ಇರುವುದನ್ನು ಕೇಂಬ್ರಿಜ್‌ನ ವಿಜ್ಞಾನಿ ಡೇವಿಡ್ ಕೀಲಿನ್ 1925ರಲ್ಲೇ ತೋರಿಸಿದ್ದರು. ಕಮಲಾ ಸೈಟೋಕ್ರೋಮ್ ಸಿಯನ್ನು ಹುಡುಕಿದ್ದು ಸಸ್ಯಗಳಲ್ಲಿ, ಆಲೂಗಡ್ಡೆಯಿಂದ ಹಿಡಿದು. ಎಲೆಯಲ್ಲಾದರೆ ಪತ್ರಹರಿತ್ತಿನ (ಕ್ಲೋರೋಫಿಲ್) ಬಣ್ಣ ಅಡ್ಡ ಬರುತ್ತದೆ, ಗೆಡ್ಡೆಯಲ್ಲಿ ಆ ಕಾಟವಿಲ್ಲ. ಇಷ್ಟು ಬರೆದರೆ, ಗಿಡ ಉಸಿರಾಡುವ ಬಗೆಯೂ ನಮ್ಮದನ್ನೇ ಹೋಲುತ್ತದೆ ಎಂಬುದು ಓದುಗರಿಗೆ ತಾನಾಗಿ ಹೊಳೆಯುತ್ತದೆ. ‘ಮಹತ್ವದ ಸಂಶೋಧನೆ’ ಎಂಬ ಪದ ಬೇಕಾಗುವುದಿಲ್ಲ.

ಇವರ ಪಿಎಚ್.ಡಿ. ಪ್ರಬಂಧ ಬರೀ 40 ಪುಟ ಎಂಬುದನ್ನು ಬಿಡಬೇಡ.

ನೀರಾ ಕುರಿತ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಬಂತು ಎಂದಷ್ಟೇ ಬರೆದು ಮುಂದೆ ಹೋಗಿದ್ದೀಯ. ನೀರಾ ಎಂದರೆ ತಾಳೆ ಜಾತಿಯ ಮರದಿಂದ ಇಳಿಸಿದ ಸಿಹಿರಸ; ಅದರಲ್ಲಿ ಯೀಸ್ಟ್ ಬೇಗ ಸೇರಿಕೊಳ್ಳುತ್ತದೆ. ಬಿಸಿಲೇರಿದರೆ ಕೆಲವೇ ಗಂಟೆಗಳಲ್ಲಿ ಹುಳಿತು ಹೆಂಡವಾಗುತ್ತದೆ. ಹುಳಿಯುವುದನ್ನು ತಡೆಯಲೆಂದೇ ಮಡಕೆಯ ಒಳಮೈಗೆ ಸುಣ್ಣ ಬಳಿಯುವುದು. ಇಷ್ಟು ತಿಳಿದವರಿಗೆ, ಈ ರಸದ ಪೋಷಕಾಂಶ ಅಳೆಯುವವರು ಮೊದಲು ಗಡಿಯಾರದೊಂದಿಗೆ ಗುದ್ದಾಡಬೇಕೆಂದು ಬಿಡಿಸಿ ಹೇಳಬೇಕಿಲ್ಲ.