ಶಾಸಕ ಸಾಹೇಬ್ರ, ನಮ್ಮ ಮ್ಯಾಲಿನ ಕೇಸ್ ತಗಸ್ರಿ, ನಮ್ಮ ಚಕ್ಕಡಿ ಬಿಡಸ್ರಿ

ಮಾನ್ಯ ಶಾಸಕರಿಗೆ ಶರಣು ಶರಣಾರ್ಥಿ.

ನಾನು ನಿಮ್ಮ ಕ್ಷೇತ್ರದ ಮತದಾರ. ಮಲಪ್ರಭಾ ಕಾಲುವಿ ಟೇಲ್ ಎಂಡ್‌ನಾಗ ಆರು ಎಕರೆ ಎರಿ ಹೊಲ ಐತಿ, ಕೋರ್ಟ್ ಕಾಗದದಾಗ ನನ್ನ ಹೆಸರು ಆರೋಪಿ ನಂಬರ್ 14. ಮೂರು ಸಲ ನಿಮ್ಮ ಆಫೀಸಿಗೆ ಅರ್ಜಿ ಕೊಟ್ಟೀನಿ. ಮೂರೂ ಸಲ ನಿಮ್ಮ ಪಿಎ "ಆತ್ ಬಿಡ್ರಿ ಕಾಕಾ, ಸಾಹೇಬ್ರ ಕಿವಿಗೆ ಹಾಕ್ತೀನಿ" ಅಂದ. ಕಿವಿಗೆ ಬಿತ್ತೋ ಇಲ್ಲೋ ಗೊತ್ತಿಲ್ಲ, ಅದಕ್ಕ ಈ ಸಲ ಎಲ್ಲಾರ ಮುಂದ ಬರೀಲಿಕತ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ತಿಳ್ಕೊಂಡ್ರೂ ಅಡ್ಡಿಯಿಲ್ಲ.

2016ರ ಜುಲೈ ನೆನಪೈತೇನ್ರಿ? 27ನೇ ತಾರೀಖು ಟ್ರಿಬ್ಯುನಲ್‌ನವರು ಮಹದಾಯಿ ಹೊಳಿಯ 7.56 ಟಿಎಂಸಿ ನೀರು ಕೇಳಿದ್ದ ನಮ್ಮ ರಾಜ್ಯದ ಅರ್ಜಿ ತಳ್ಳಿಹಾಕಿದ್ರು. ಇಡೀ ಸೀಮಿಗೆ ಸೀಮಿನ ಸಿಟ್ಟಿಗೆದ್ದಿತ್ತು. ನರಗುಂದದಾಗ ಅಷ್ಟೊತ್ತಿಗೆ ಧರಣಿ ಕೂತು ವರ್ಷ ದಾಟಿತ್ತು. ನಮ್ಮೂರ ಮಂದೀನೂ ರಸ್ತಾಕ್ಕ ಇಳಿದ್ವಿ. ಕಲ್ಲು ಒಗೀಲಿಲ್ಲ, ಬೆಂಕಿ ಹಚ್ಚಲಿಲ್ಲ, ನಮ್ಮನಿ ಚಕ್ಕಡಿ ತಂದು ರಸ್ತಾದ ಮ್ಯಾಲ ಅಡ್ಡ ನಿಲ್ಲಿಸಿ ಎತ್ತು ಬಿಚ್ಚಿ ಮನಿಗೆ ಕಳಿಸಿದ್ವಿ ಅಷ್ಟ. ನಾಕು ತಾಸು ಭಜನಿ ಮಾಡಿದ್ವಿ, ಒಂದು ಆಂಬ್ಯುಲೆನ್ಸ್ ಬಂದ್ರ ನಾವ ಮೂಕಿ ಹಿಡದು ಎಳದು ದಾರಿ ಬಿಟ್ವಿ. ಸಂಜೀಕ ಪೊಲೀಸರು ಬಂದ್ರು, ಎಬ್ಬಿಸಿದ್ರು, ಕೆಲವ್ರಿಗೆ ಬಡದ್ರು, ಚಕ್ಕಡೀನ ತಮ್ಮ ಗಾಡಿಗೆ ಹಗ್ಗ ಕಟ್ಟಿ ಎಳಕೊಂಡು ಹೋದ್ರು. ಮರುವಾರ 31 ಮಂದಿ ಮ್ಯಾಲ ಎಫ್‌ಐಆರ್. ಐಪಿಸಿ ಕಲಂ 143, 147, 341 (ದಾರಿ ತಡದದ್ದಕ್ಕ), 353, 149, ನಂಬರ್ ನನಗ ಬಾಯಿಪಾಠ ಆಗ್ಯಾವು, ಮಗನ ಮಗ್ಗಿಗಿಂತ ಚೊಲೋ ಹೇಳ್ತೀನಿ.

ಚಕ್ಕಡಿ ಬಗ್ಗೆ ಸ್ವಲ್ಪ ಜಾಸ್ತಿನ ಹೇಳ್ತೀನಿ, ತಾಳ್ಮಿ ಇರ್ಲಿ. ನಮ್ಮ ಮುತ್ಯಾ ಮಾಡಿಸಿದ್ದು, ಜಾಲಿ ಕಟಗಿ ಗಾಲಿ, ಮ್ಯಾಲ ಕಬ್ಬಿಣದ ಹಳಿ. ಎಳ್ಳಮಾಸಿಗೆ ಚರಗ ಚೆಲ್ಲಾಕ ಹೊಲಕ್ಕ ಅದರಾಗ ಹೋಗ್ತಿದ್ವಿ, ಬನದ ಹುಣ್ಣಿವಿಗೆ ಯಲ್ಲಮ್ಮನ ಗುಡ್ಡಕ್ಕ ಅದರಾಗ ಹೋಗ್ತಿದ್ವಿ, ನಮ್ಮವ್ವ ಈ ಮನಿಗೆ ಸೊಸಿಯಾಗಿ ಬಂದಿದ್ದೂ ಅದರಾಗನ. ಪಂಚನಾಮೆದಾಗ ಏನು ಬರದಾರ ಗೊತ್ತೇನ್ರಿ? "ಒಂದು ಹಳೇ ಚಕ್ಕಡಿ, ಅಂದಾಜು ಕಿಮ್ಮತ್ತು 800 ರೂ." ಒಂದು ಗಾಲಿ ಮಾಡಸಾಕ ಬಡಿಗ್ಯಾರ ಎಷ್ಟು ತಗೋತಾರ ಅಂತ ಕೇಳಿ ನೋಡ್ರಿ.

ಈಗ ಅದು ಸ್ಟೇಷನ್ ಹಿಂದ ಕಂಪೌಂಡ್ ಗ್ವಾಡಿಗೆ ಆತು ನಿಂತೈತಿ. ಒಂದು ಗಾಲಿ ಅರ್ಧ ಮಣ್ಣಾಗ ಹೂತೈತಿ, ಅಚ್ಚಿಗೆ ಗೆದ್ದಲು ಹತ್ತೈತಿ, ತಳದ ಹಲಗಿ ಸಂದ್ಯಾಗಿಂದ ಒಂದು ಬೇವಿನ ಗಿಡ ಎದ್ದು ನನ್ನ ಎದಿಮಟ ಬೆಳದೈತಿ. ಹ್ವಾದ ವರ್ಷ ನಾ ಹೋದಾಗ ನೊಗದ ಮ್ಯಾಲ ಯಾರೋ ಖಾಕಿ ಅಂಗಿ ಒಣ ಹಾಕಿದ್ರು. "ಸರ, ನೊಗ ಅಷ್ಟರ ಒಯ್ಯತೀನ್ರಿ" ಅಂದೆ. "ಮುದ್ದೆಮಾಲು ಐತಿ, ಮುಟ್ಟಿದ್ರ ಇನ್ನೊಂದು ಕೇಸ್ ಆಕ್ಕೈತಿ ನೋಡು" ಅಂದ್ರು. ಅಂದ್ರ ನಾವು ಮುಟ್ಟಿದ್ರ ಕೇಸು, ಗೆದ್ದಲು ತಿಂದ್ರ ಏನೂ ಇಲ್ಲ. ವಕೀಲರು ಅರ್ಜಿ ಹಾಕಿ ಬಾಂಡ್ ಕೊಟ್ರ ಸುಪರ್ದಿಗೆ ಬಿಡ್ತಾರ ಅಂದ್ರು, ಹಾಕಿದ್ವಿ, ಮಾಲಕಿ ಕಾಗದ ಕೇಳಿದ್ರು. ಚಕ್ಕಡಿಗೆ ಆರ್‌ಸಿ ಬುಕ್ ಎಲ್ಲಿಂದ ತರ್ಲಿ ಸಾಹೇಬ್ರ?

ಇನ್ನ ತಾರೀಖಿನ ಕತಿ. ತಾರೀಖಿದ್ದ ದಿನ ಮುಂಜಾನೆ ಏಳರ ಬಸ್ಸು, ಸಂಜಿತನಾ ಕೋರ್ಟ್ ಹೊರಗ ಬೇವಿನ ಗಿಡದ ಕೆಳಗ ಕೂಡೂದು, ಆಮ್ಯಾಲ "ಸಾಕ್ಷಿ ಬಂದಿಲ್ಲ, ಮುಂದಿನ ತಾರೀಖು". ಹೋಗಲಿಲ್ಲ ಅಂದ್ರ ವಾರಂಟು. ಹೆಸರು ರಾಶಿ ಟೈಮಿನ್ಯಾಗ ಮಳಿ ಮ್ವಾಡ ಹಾಕಿರ್ತೈತಿ, ಕಾಯಿ ಬಿಡಿಸೋ ಮಂದಿ ಸಿಗೂದಿಲ್ಲ, ಅವತ್ತ ತಾರೀಖು. ಎರಡು ವರ್ಷ ಹೆಸರು ಹಿಂಗ ಮಳ್ಯಾಗ ಮೊಳಕಿ ಒಡದು ಹೋತು. ನನ್ನ ತಮ್ಮ ದುಬೈಕ್ಕ ಹೋಗಾಕ ಪಾಸ್‌ಪೋರ್ಟ್ ಹಾಕಿದ್ದ, ವೆರಿಫಿಕೇಶನ್ ಟೈಮಿಗೆ ಕೇಸ್ ಪೆಂಡಿಂಗ್ ಅಂತ ನಿಂತ್ತು. ಆರೋಪಿ ನಂಬರ್ 1 ನಮ್ಮಪ್ಪ, 2021ರಾಗ ಹೋಗಿಬಿಟ್ಟ. ಅವ ಸತ್ತ ಮ್ಯಾಲೂ ಅವನ ಹೆಸರಿಲೆ ವಾರಂಟ್ ಬಂತು, ನಮ್ಮವ್ವ ಬಾಗಿಲದಾಗ ನಿಂತು ಪೊಲೀಸರಿಗೆ "ಬರ್ರಿ, ಒಳಗ ಫೋಟೋದಾಗ ಅದಾನ, ಕರಕೊಂಡು ಹೋಗ್ರಿ" ಅಂದ್ಲು.

ಕೇಸ್ ವಾಪಸ್ ತಗಸ್ರಿ. ಬ್ಯಾರೆ ಏನೂ ಕೇಳೂದಿಲ್ಲ ನಾನು.

ನಮ್ಮ ಕಡೆ ಮಂದಿಗೆ ಸರ್ಕಾರದ ಜೋಡಿ ಜಗಳ ಹೊಸಾದಲ್ಲ, ನಿಮಗೂ ಗೊತ್ತೈತಿ, ಭಾಷಣದಾಗ ನೀವ ಹೇಳ್ತೀರಿ. ನರಗುಂದದ ಅರಸ ಬಾಬಾಸಾಹೇಬ 1858ರ ಮೇ 29ಕ್ಕ ಸುರೇಬಾನದಾಗ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸಾಹೇಬನ್ನ ಕೊಂದ, ಜೂನ್ 12ಕ್ಕ ಬೆಳಗಾವ್ಯಾಗ ಗಲ್ಲು ಹಾಕಿದ್ರು. ಎರಡ ವಾರ ನೋಡ್ರಿ. ಹಿಡದಿದ್ದು, ವಿಚಾರಣಿ ಮಾಡಿದ್ದು, ನೇಣು ಹಾಕಿದ್ದು ಎಲ್ಲಾ ಎರಡ ವಾರದಾಗ. ಬ್ರಿಟಿಷರು ಚೊಲೋ ಇದ್ರು ಅಂತಲ್ಲ ಮತ್ತ. ಆದ್ರ ರಸ್ತಾಕ್ಕ ಒಂದು ಚಕ್ಕಡಿ ನಿಲ್ಲಿಸಿದ್ದಕ್ಕ ಒಂಬತ್ತು ವರ್ಷ ದಾಟಿದ್ರೂ ಇನ್ನೂ ಸಾಕ್ಷಿ ಬರಾಕತ್ತಿಲ್ಲ ಅಂದ್ರ ಏನನ್ನೂದ್ರಿ ಇದಕ್ಕ?

ಜುಲೈ 21 ಬಂತಂದ್ರ ನೀವು ತಪ್ಪದ ಹುತಾತ್ಮ ರೈತರ ವೀರಗಲ್ಲಿಗೆ ಹಾರ ಹಾಕಾಕ ಬರ್ತೀರಿ. 1980ರಾಗ ನಡದದ್ದೇನು? ಮಲಪ್ರಭಾಕ್ಕ ಡ್ಯಾಮ್ ಕಟ್ಟಿದ್ರು, ಹೊಲಕ್ಕ ಸರಿಯಾಗಿ ನೀರು ಮುಟ್ಟಿರಲಿಲ್ಲ, ಆದ್ರ ಅಭಿವೃದ್ಧಿ ಕರ, ನೀರಿನ ಕರ ಕಟ್ರಿ ಅಂತ ನೋಟಿಸ್ ಬಂದ್ವು, ರೈತರು ಆಗೂದಿಲ್ಲ ಅಂದ್ರು, ಗೋಲಿಬಾರ್ ಆತು, ರೈತರೂ ಸತ್ರು ಪೊಲೀಸರೂ ಸತ್ರು. ಗುಂಡೂರಾವ್ ಸರ್ಕಾರ 1983ರಾಗ ಮನಿಗೆ ಹೋತು. ಆ ಕಲ್ಲಿಗೆ ಎಲ್ಲಾ ಪಕ್ಷದವರೂ ಹಾರ ಹಾಕ್ತೀರಿ, ಒಬ್ಬರ ಹಾರದ ಮ್ಯಾಲ ಇನ್ನೊಬ್ಬರದು. ಸತ್ತ ರೈತ ಕರ ಕಟ್ಟಲಿಲ್ಲ ಅಂದ್ರ ಹುತಾತ್ಮ, ಬದುಕಿದ ರೈತ ರಸ್ತಾದಾಗ ಕೂತ್ರ ಆರೋಪಿ ನಂಬರ್ 14.

ಕೇಸ್ ವಾಪಸಾತಿ ಹೆಂಗ ಆಕ್ಕೈತಿ ಅಂತ ನಿಮಗ ನಾ ಹೇಳಬೇಕಾಗಿಲ್ಲ. ಸಿಆರ್‌ಪಿಸಿ 321 ಅಂತಿದ್ರು, ಈಗ ಬಿಎನ್‌ಎಸ್‌ಎಸ್ 360. ನಿಮ್ಮ ಪಿಎ ಹ್ವಾದ ಸಲ ಹೊಸಾ ನೆಪ ಹೇಳಿದ. 2024ರ ಅಕ್ಟೋಬರ್‌ದಾಗ ಸಂಪುಟ 43 ಕೇಸ್ ವಾಪಸ್ ಅಂತು, 2025ರ ಮೇದಾಗ ಹೈಕೋರ್ಟ್ ಆ ಆದೇಶಾನ ರದ್ದು ಮಾಡ್ತು, ಹಿಂಗಾಗಿ ಈಗ ಏನೂ ಮಾಡಾಕ ಬರಂಗಿಲ್ಲಂತ. ಯಾಕ ಬರಂಗಿಲ್ರಿ? ನಿರ್ಧಾರ ತಗೋಬೇಕಾದಾಂವ ಪಬ್ಲಿಕ್ ಪ್ರಾಸಿಕ್ಯೂಟರ್, ಒಪ್ಪಬೇಕಾದ್ದು ಕೋರ್ಟು. ಕಾನೂನು ಹೇಳೂದು ಅಷ್ಟ. ಫೈಲ್ ಕಳಿಸ್ರಿ, ಆ ಪಿಪಿ ನೋಡ್ಲಿ, ಜಡ್ಜ್ ಸಾಹೇಬ್ರು ಬ್ಯಾಡ ಅಂದ್ರ ಆಗ ನಾವು ಸುಮ್ಮನ ಕೂಡ್ತೀವಿ. ಫೈಲ ಕಳಿಸದ ಹೈಕೋರ್ಟ್ ಹೆಸರು ಹೇಳಬ್ಯಾಡ್ರಿ.

ನೀರಿನ ಮಾತು ಎತ್ತಂಗಿಲ್ಲ ಈ ಪತ್ರದಾಗ. 2018ರಾಗ ಟ್ರಿಬ್ಯುನಲ್ 13.42 ಟಿಎಂಸಿ ಅಂತ ತೀರ್ಪು ಕೊಡ್ತು, 2020ರಾಗ ಗೆಜೆಟ್ ಆತು, ನೀವು ಪಟಾಕ್ಷಿ ಹಾರಿಸಿ ಪೇಢೆ ಹಂಚಿದ್ರಿ, ನಾನೂ ತಿಂದೆ. ನೀರು ಯಾವಾಗ ಬರ್ತೈತೋ ಬರ್ಲಿ. ನೀರು ಕೇಳಿದ್ದಕ್ಕ ಹಾಕಿದ ಕೇಸ್ ಆದ್ರೂ ಹೋಗ್ಲಿ ಅಂತೀನಿ.

ಇನ್ನೊಂದು ಮಾತು ಹೇಳಬಾರ್ದು ಅಂತಿದ್ದೆ. ನೀವು ನಾಮಪತ್ರ ಹಾಕೋ ದಿವಸ ಚಕ್ಕಡಿ ಮ್ಯಾಲ ಬಂದ್ರೆಲ್ಲ, ಎತ್ತಿನ ಕೊಂಬಿಗೆ ಗೊಂಡೆ, ಕೊಳ್ಳಾಗ ಗೆಜ್ಜಿ, ನಿಮ್ಮ ಹೆಗಲ ಮ್ಯಾಲ ಹಸರ ಶಾಲು. ಪೇಪರ್‌ದಾಗ ಫೋಟೋ ದೊಡ್ಡದು ಬಂದಿತ್ತು. ನಮ್ಮವ್ವ ನೋಡಿ "ಇದು ನಮ್ಮದೇನೋ?" ಅಂತ ಕೇಳಿದ್ಲು. ಅಲ್ಲ ಯವ್ವಾ, ಅದು ಬಾಡಿಗಿದು ಅಂದೆ. ಅವತ್ತು ನೀವೂ ರಸ್ತಾ ತುಂಬ ಬಂದ್ರಿ, ಬಸ್ಸು ನಿಂತಿದ್ವು, ಆಂಬ್ಯುಲೆನ್ಸ್ ಇತ್ತೋ ಇಲ್ಲೋ ನಾ ನೋಡ್ಲಿಲ್ಲ. 341 ಯಾರೂ ಹಾಕ್ಲಿಲ್ಲ.

ಮುಂದಿನ ತಾರೀಖಿನ ಒಳಗ ಫೈಲ್ ಕಳಸ್ರಿ. 31 ಮಂದಿ, ಅದರಾಗ ಆರು ಮಂದಿ ತೀರಿಹೋಗ್ಯಾರ, ಉಳದವ್ರದರ ಕೇಸ್ ತಗಸ್ರಿ. ಆಗೂದಿಲ್ಲ ಅಂದ್ರ ಆಗೂದಿಲ್ಲ ಅಂತ ಒಂದು ಹಾಳಿ ಮ್ಯಾಲ ಸಹಿ ಮಾಡಿ ಕೊಡ್ರಿ, ಪಿಎ ಕೈಲೆ ಹೇಳಿ ಕಳಸಬ್ಯಾಡ್ರಿ. ಮತ್ತ ಮುಂದಿನ ಇಲೆಕ್ಷನ್ನಿಗೆ ಚಕ್ಕಡಿ ಬೇಕಾದ್ರ ಬಾಡಿಗಿ ಕೊಡಬ್ಯಾಡ್ರಿ ಸಾಹೇಬ್ರ, ನಮ್ದು ಸ್ಟೇಷನ್ ಹಿಂದ ನಿಂತೈತಿ, ಬೇವಿನ ಗಿಡ ಒಂದು ಕಡಿಸಬೇಕು ಅಷ್ಟ.

ಇಂತಿ ನಿಮ್ಮ ಮತದಾರ,
ಆರೋಪಿ ನಂಬರ್ 14