ಕುದುರೆಗಾಡಿಯಿಂದ ಸ್ವಲ್ಪ ಇಳಿ

ತಮ್ಮಾ,

ನೀನು ಕಳಿಸಿದ ಲೇಖನ ಓದಿದೆ. ಇಂಗ್ಲೆಂಡಿನ ಹಾಡುಗಾರ್ತಿ ವಾಷ್ಟಿ ಬನ್ಯನ್ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿದ್ದೀಯಲ್ಲ, ಅದೇ ಖುಷಿ. ಆದರೆ ತಲೆಬರಹದಲ್ಲಿ ಆಕೆಯ ಎರಡನೇ ಆಲ್ಬಮ್ 'ಲುಕ್‌ಆಫ್ಟರಿಂಗ್' ಇದೆ, ಒಳಗೆ ಮುಕ್ಕಾಲು ಪಾಲು ಬರೀ ಕುದುರೆಗಾಡಿ!

ಗೊತ್ತು ಮಾರಾಯ, ಆ ಕಥೆ ಬಿಡಲು ಮನಸ್ಸು ಬರುವುದಿಲ್ಲ. ಅರವತ್ತರ ದಶಕದ ಕೊನೆಯಲ್ಲಿ ಲಂಡನ್ ಬಿಟ್ಟು ಸ್ಕಾಟ್ಲೆಂಡಿನ ದ್ವೀಪಗಳ ಕಡೆ ಗಾಡಿ ಕಟ್ಟಿಕೊಂಡು ಹೊರಟಿದ್ದು, ದಾರಿಯಲ್ಲೇ ಹಾಡು ಕಟ್ಟಿದ್ದು, 1970ರಲ್ಲಿ ಬಂದ ಮೊದಲ ಆಲ್ಬಮ್ ಯಾರ ಕಿವಿಗೂ ಬೀಳದೆ ಹೋಗಿದ್ದು, ಹಾಡು ಬಿಟ್ಟು ಮಕ್ಕಳನ್ನು ಬೆಳೆಸಿದ್ದು, 2000ದಲ್ಲಿ ಅದೇ ಆಲ್ಬಮ್ ಸಿಡಿಯಾಗಿ ಬಂದು ಹೊಸ ಕಾಲದ ಹುಡುಗರು ಅದನ್ನು ಹಚ್ಚಿಕೊಂಡಿದ್ದು, ಕೊನೆಗೆ 2005ರಲ್ಲಿ, 35 ವರ್ಷದ ಮೇಲೆ, ಎರಡನೆಯದು. ಸುಮ್ನೆ ಹೇಳಿದರೂ ಸಿನಿಮಾ. ಅದಕ್ಕೇ ಎಲ್ಲರೂ ಅದನ್ನೇ ಬರೆದಿದ್ದಾರೆ. ನೀನು ಒಂದು ಪ್ಯಾರಾದಲ್ಲಿ ಮುಗಿಸು.

ಆಮೇಲೆ ಈ ಎರಡನೇ ಆಲ್ಬಮ್ಮಿನ 'ವೇವರ್ಡ್' ಹಾಡು ಕೇಳು. ಜನ ಯಾರನ್ನು ಅಲೆಮಾರಿ ಅಂತ ಕೊಂಡಾಡುತ್ತಾರೋ ಅದೇ ಹೆಂಗಸು ಇಲ್ಲಿ ಒಗೆದ ಬಟ್ಟೆಗಳ ನಡುವೆ ದಿನ ಕಳೆದುಹೋಗುವುದನ್ನು ಹಾಡುತ್ತಾಳೆ, ಬೂಟಿಗೆ ದಾರಿಯ ಧೂಳು ಮೆತ್ತಿಕೊಂಡು ತಿರುಗುವವಳು ತಾನಾಗಬೇಕಿತ್ತು ಅಂತಾಳೆ. ಸಿಟ್ಟಿದೆ ಅಲ್ಲಿ. ದನಿ ಮೆತ್ತಗಿದೆ ಅಂತ ಮಾತೂ ಮೆತ್ತಗಿರಬೇಕಾ? ನೀನು 'ಹಿತವಾದ', 'ಅಂತರ್ಮುಖಿ' ಅಂತ ಪುಟಕ್ಕೊಮ್ಮೆ ಬರೆದಿದ್ದೀಯ, ಈ ಸಿಟ್ಟು ನಿನಗೆ ಕೇಳಿಸಲೇ ಇಲ್ಲ. 'ಹಿಯರ್ ಬಿಫೋರ್' ಹಾಡಿನಲ್ಲಿ ತಾಯಿ ತನ್ನ ಮಕ್ಕಳನ್ನು ನೋಡುತ್ತಾ, ಇವರು ಹಿಂದೆಯೂ ಇಲ್ಲಿದ್ದವರೇನೋ ಅಂದುಕೊಳ್ಳುತ್ತಾಳೆ. ಮುಖಪುಟದ ಕಾಡುಮೊಲದ ಚಿತ್ರ ಬರೆದದ್ದೂ ಆಕೆಯ ಮಗಳೇ. ಮೊದಲ ಆಲ್ಬಮ್ ದಾರಿಯದು, ಇದು ಮನೆಯದು. ಅಂತರ್ಮುಖಿ ಅನ್ನುವ ಪದ ತೆಗೆದು ಇಂಥದ್ದನ್ನು ಇಡು, ಸಾಕು.

ವಾದ್ಯಗಳ ಬಗ್ಗೆ ಒಂದೆರಡು ಸಾಲು ಜಾಸ್ತಿ ಬೇಕು. ಪ್ರೊಡ್ಯೂಸರ್ ಮ್ಯಾಕ್ಸ್ ರಿಕ್ಟರ್, ಹಾರ್ಪ್ ಅನ್ನುವ ತಂತಿವಾದ್ಯ ನುಡಿಸಿದ್ದು ಜೊವಾನಾ ನ್ಯೂಸಮ್, ಮೊದಲ ಆಲ್ಬಮ್ಮಿಗೆ ಕೆಲಸ ಮಾಡಿದ್ದ ರಾಬರ್ಟ್ ಕರ್ಬಿ ಇಲ್ಲೂ ಇದ್ದಾರೆ. ಇಷ್ಟು ಜನ ಇದ್ದೂ ಯಾರೂ ಆ ಸಣ್ಣ ದನಿಯ ಮೇಲೆ ಬೀಳುವುದಿಲ್ಲ. ಅದು ಹೇಗೆ ಸಾಧ್ಯವಾಯಿತು ಅಂತ ಹೆಡ್‌ಫೋನ್ ಹಾಕಿಕೊಂಡು ಕೇಳಿ ಬರೆ. ಕೊನೆಯ 'ವೇವರ್ಡ್ ಹಮ್'ನಲ್ಲಿ ಪದಗಳೇ ಇಲ್ಲ, ಬರೀ ಗುನುಗು. ಅದನ್ನು ನೀನು ಹಾಡು ಅಂತ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಇನ್ನೊಂದು, 'ನಮ್ಮ ಭಾವಗೀತೆಯ ಹಾಗೆ' ಅಂತ ಬರೆದು ಕೈ ತೊಳೆದುಕೊಳ್ಳಬೇಡ. ನಮ್ಮಲ್ಲಿ ಹೆಚ್ಚಾಗಿ ಕವಿ ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಇಲ್ಲಿ ಬರೆದವಳೂ ಹಾಡಿದವಳೂ ಒಬ್ಬಳೇ. ತಾನು ಒಗೆದ ಬಟ್ಟೆ ಬಗ್ಗೆ ತಾನೇ ಹಾಡುವುದು ಬೇರೆ ಕಥೆ, ಅಲ್ವಾ?

ಕೊನೆಯಲ್ಲಿ 'ಆಮೇಲೆ ಆಕೆ ಮತ್ತೆ ಮೌನಕ್ಕೆ ಜಾರಿದರು' ಅಂದಿದ್ದೀಯ. ಕೇಳಲು ಚೆನ್ನಾಗಿದೆ, ಆದರೆ ಸುಳ್ಳು. 2014ರಲ್ಲಿ 'ಹಾರ್ಟ್‌ಲೀಪ್' ಆಲ್ಬಮ್ ಬಂತು, ಅದನ್ನು ಆಕೆಯೇ ಪ್ರೊಡ್ಯೂಸ್ ಮಾಡಿದ್ದು. ತಿದ್ದಿ ಕಳಿಸು.

ನಿನ್ನ
ಅಣ್ಣ