ಹವ್ಯಾಸಿಗಳಿಗಾಗಿ ಭಾನುವಾರ ಕಾರ್ಯಾಗಾರದ ಬಾಗಿಲು ತೆರೆಯಲಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಶನಿವಾರ ಸಂಜೆ ಹೊತ್ತು ನಿಂತರೆ, ಬಡಗಿಗಳ ಜೊತೆಗೆ ಇನ್ನೊಂದು ಬಗೆಯ ಗಿರಾಕಿಗಳೂ ಕಾಣಸಿಗುತ್ತಾರೆ. ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿಗಳಿಂದ ನಿವೃತ್ತರಾದವರು, ಮನೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡುವ ಯುವಕರು, ತೋಟದ ಕೆಲಸ ಕಡಿಮೆಯಿರುವ ತಿಂಗಳುಗಳಲ್ಲಿ ಬಿಡುವು ಸಿಗುವ ಕಾಫಿ ಬೆಳೆಗಾರರು ಡ್ರಿಲ್, ಮರದಲ್ಲಿ ತೋಡು ಕೊರೆಯುವ ರೂಟರ್, ಮರ ಕೊಯ್ಯುವ ಯಂತ್ರಗಳ ಬೆಲೆ ವಿಚಾರಿಸುತ್ತಿರುತ್ತಾರೆ. ನಾನೂ ಅವರಲ್ಲಿ ಒಬ್ಬ. ನಿವೃತ್ತಿಯ ನಂತರ ನಾಲ್ಕು ವರ್ಷಗಳಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ಮರಗೆಲಸ ಮಾಡುತ್ತಿದ್ದೇನೆ. ಈ ಹವ್ಯಾಸ ನನಗೆ ಕೊಟ್ಟಿರುವ ಸಂತೋಷ ದೊಡ್ಡದು. ಆದರೆ ಇದಕ್ಕೆ ನಾವು ಸುರಿಯುತ್ತಿರುವ ಹಣ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕಾದ ಕಾಲ ಬಂದಿದೆ ಎಂದು ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬ್ಯಾಂಕಿನಲ್ಲಿ ದುಡಿದವನಾದ್ದರಿಂದ ಖರ್ಚು ಬರೆದಿಡುವ ಅಭ್ಯಾಸ ನನಗಿದೆ. ನಾಲ್ಕು ವರ್ಷಗಳಲ್ಲಿ ಒಟ್ಟು ₹1,18,400 ಖರ್ಚಾಗಿದೆ. ಡ್ರಿಲ್, ಕೈಯಲ್ಲಿ ಹಿಡಿದು ಕೊಯ್ಯುವ ಸರ್ಕ್ಯುಲರ್ ಸಾ, ಮೂಲೆ ಕತ್ತರಿಸುವ ಮೈಟರ್ ಸಾ, ರೂಟರ್ ಮತ್ತು ಮೇಜಿಗೆ ಬ್ಲೇಡ್ ಕೂರಿಸಿದ ಟೇಬಲ್ ಸಾ ಎಂಬ ಐದು ವಿದ್ಯುತ್ ಯಂತ್ರಗಳಿಗೇ ಇದರಲ್ಲಿ ₹68,000 ಹೋಗಿದೆ. ಮರಕ್ಕೆ ₹24,000, ಉಪ್ಪುಕಾಗದ, ಅಂಟು, ಸ್ಕ್ರೂ, ಬ್ಲೇಡುಗಳಿಗೆ ₹14,300, ಉಳಿ, ಗರಗಸ, ಹತ್ತರಿ, ಕ್ಲಾಂಪು ಮೊದಲಾದ ಕೈ ಉಪಕರಣಗಳಿಗೆ ₹9,600 ಆಗಿದೆ. ಸಾಣೆಕಲ್ಲಿಗೆ ಕೊಟ್ಟದ್ದು ₹1,900. ಕಣ್ಣು, ಕಿವಿ, ಮೂಗುಗಳ ರಕ್ಷಣೆಗೆಂದು ಖರ್ಚು ಮಾಡಿದ್ದು ಕೇವಲ ₹600. ಈ ಕೊನೆಯ ಎರಡು ಮೊತ್ತಗಳನ್ನು ನೋಡಿದಾಗ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಆ ₹600ರ ಕತೆಯನ್ನು ಮೊದಲು ಹೇಳಬೇಕು. ಎರಡು ವರ್ಷಗಳ ಹಿಂದೆ, ಅವಸರದ ಒಂದು ಮಧ್ಯಾಹ್ನ, ಕಬ್ಬಿಣ ಉಜ್ಜಲು ಇಟ್ಟುಕೊಂಡಿದ್ದ ಆಂಗಲ್ ಗ್ರೈಂಡರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ, ಅಡ್ಡ ಬರುತ್ತದೆಂದು ಬ್ಲೇಡಿಗೆ ಮರೆಯಾಗಿರುವ ಗಾರ್ಡನ್ನೂ ಬಿಚ್ಚಿ, ಸಿಲ್ವರ್ ಓಕ್ ಹಲಗೆಯೊಂದನ್ನು ಸೀಳಲು ಹೊರಟೆ. ನಾಲ್ಕಿಂಚಿನ ಈ ಗ್ರೈಂಡರ್‌ಗಳು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತವೆ. ಬ್ಲೇಡಿನ ಹಲ್ಲು ಮರದ ಗಂಟಿಗೆ ಸಿಕ್ಕಿದ ಕ್ಷಣ ಯಂತ್ರ ಕೈಯಿಂದ ಚಿಮ್ಮಿತು. ಎಡ ಅಂಗೈಗೆ ಏಳು ಹೊಲಿಗೆ ಬಿದ್ದವು. ಬೆರಳು ಉಳಿದದ್ದು ಅದೃಷ್ಟ. ಆಸ್ಪತ್ರೆಯಲ್ಲಿ ಕಟ್ಟು ಕಟ್ಟಿದ ವೈದ್ಯರು, ಗ್ರೈಂಡರ್‌ನಿಂದ ಹೀಗೆ ಕೈ ಕೊಯ್ದುಕೊಂಡು ಬರುವವರಲ್ಲಿ ನಾನೇ ಮೊದಲಿಗನಲ್ಲ ಎಂದರು. ಅಂದಿನವರೆಗೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನಾಗಿ ಯಾರನ್ನೂ ಕೇಳಿರಲೂ ಇಲ್ಲ. ಮರದ ಧೂಳಿನ ವಿಷಯವೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಂಥ ಧೂಳನ್ನು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬರೀ ಟವೆಲ್ ಕಟ್ಟಿಕೊಂಡು ಉಸಿರಾಡುತ್ತಿದ್ದವನು ನಾನು. ₹22,000ದ ಮೈಟರ್ ಸಾ ಕೊಳ್ಳುವಾಗ ಎರಡು ಸಲ ಯೋಚಿಸದವನು ಒಳ್ಳೆಯ ಮಾಸ್ಕ್ ಕೊಳ್ಳಲು ಹಿಂದೆ ಮುಂದೆ ನೋಡಿದ್ದೆ.

ಹಣ ಪೋಲಾದ ಇನ್ನೊಂದು ದಾರಿ ಮರದ್ದು. ಮಾರ್ಚ್ ತಿಂಗಳಲ್ಲಿ ಮೊಮ್ಮಗಳ ಓದುವ ಮೇಜಿಗೆ ಒಂದು ಡ್ರಾಯರ್ ಮಾಡಿದೆ. ಎಳೆದರೆ ಬೆಣ್ಣೆಯ ಹಾಗೆ ಜಾರುತ್ತಿತ್ತು. ಜುಲೈಯಲ್ಲಿ ಮಳೆ ಹಿಡಿದಾಗ ಅದು ಒಂದು ಅಂಗುಲ ತೆರೆದು ಅಲ್ಲೇ ಕಚ್ಚಿಕೊಂಡಿತು. ನಮ್ಮ ಬೀದಿಯ ಕೊನೆಯಲ್ಲಿ ಕೆಲಸ ಮಾಡುವ ಆಚಾರ್ ಒಬ್ಬರನ್ನು ಕರೆದು ತೋರಿಸಿದೆ. ಅವರು ಡ್ರಾಯರಿನ ಮುಂಭಾಗದ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿ, “ಸಾರ್, ಇದು ಹಸಿ ಮರ. ಮರ ಉದ್ದಕ್ಕೆ ಬೆಳೆಯಲ್ಲ, ಅಗಲಕ್ಕೆ ಉಬ್ಬುತ್ತೆ. ನಮ್ಮ ಮಲೆನಾಡಲ್ಲಿ ಜಾಗ ಬಿಡದೆ ಕೂರಿಸಿದರೆ ಹೀಗೇ ಆಗೋದು” ಎಂದರು. ತೋಟದಲ್ಲಿ ಕಡಿದ ಸಿಲ್ವರ್ ಓಕನ್ನು ಮಿಲ್ಲಿನಲ್ಲಿ ಕೊಯ್ಸಿ ತಿಂಗಳೊಳಗೆ ನಾನು ಕೆಲಸಕ್ಕೆ ಎತ್ತಿಕೊಂಡಿದ್ದೆ. ಅವರಾದರೆ ಹಲಗೆಗಳ ನಡುವೆ ಪಟ್ಟಿ ಕೊಟ್ಟು, ಗಾಳಿಯಾಡುವಂತೆ ಅಟ್ಟಿ ಜೋಡಿಸಿ, ಒಂದಿಂಚು ದಪ್ಪದ ಹಲಗೆಗೆ ಕಡಿಮೆಯೆಂದರೂ ಒಂದು ವರ್ಷ ಕಾಯುತ್ತಾರೆ. ನಾನು ಕೊಂಡ ₹24,000ದ ಮರದಲ್ಲಿ ಹೀಗೆ ಸೊಟ್ಟಗಾಗಿ, ಸೀಳಿ, ಒಲೆಗೆ ಹೋದದ್ದು ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲ. ಯಾವ ಯಂತ್ರವೂ ಅದನ್ನು ತಡೆಯುತ್ತಿರಲಿಲ್ಲ.

ಅದೇ ಆಚಾರ್ ನನ್ನ ಉಳಿಗಳನ್ನು ನೋಡಿದ ರೀತಿಯನ್ನೂ ಇಲ್ಲಿ ಹೇಳಲೇಬೇಕು. ಹೆಸರಾಂತ ಕಂಪನಿಯ ನಾಲ್ಕು ಉಳಿಗಳ ಸೆಟ್ಟನ್ನು ನಾನು ಹೆಮ್ಮೆಯಿಂದ ಮುಂದಿಟ್ಟೆ. ಅವರು ಒಂದನ್ನು ಎತ್ತಿಕೊಂಡು ಬಾಯಿಯ ಮೇಲೆ ಹೆಬ್ಬೆರಳನ್ನು ಅಡ್ಡಡ್ಡ ಸವರಿ ಕೆಳಗಿಟ್ಟರು. ಆಮೇಲೆ ಸಾಣೆಕಲ್ಲಿಗೆ ನೀರು ಚಿಮುಕಿಸಿ, ಉಳಿಯ ಚಪ್ಪಟೆ ಬೆನ್ನನ್ನು ಮೊದಲು ಕಲ್ಲಿನ ಮೇಲೆ ಮಲಗಿಸಿ ಉಜ್ಜಿ ಸಮ ಮಾಡಿಕೊಂಡು, ಬಳಿಕ ಇಳಿಜಾರಿನ ಬದಿಯನ್ನು ಒಂದೇ ಕೋನದಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿದರು. ಅಂಚಿನಲ್ಲಿ ಕೂದಲೆಳೆಯಂಥ ಸಿಬಿರು ಎದ್ದಿತು. ಅದನ್ನು ಚರ್ಮದ ತುಂಡಿನ ಮೇಲೆ ಎಳೆದು ತೆಗೆದು, ಮುಂಗೈಯ ಮೇಲೆ ಇಟ್ಟು ಮೆಲ್ಲಗೆ ಎಳೆದಾಗ ರೋಮ ಬೋಳಾಗಿ ಬಂತು. ಅದೇ ಉಳಿಯಿಂದ ಹಲಸಿನ ಹಲಗೆಯ ಅಡ್ಡ ಎಳೆಯನ್ನು ಕೊಡತಿಯ ಪೆಟ್ಟಿಲ್ಲದೆ, ಅಂಗೈಯ ಒತ್ತಿನಿಂದಲೇ ಕೊಬ್ಬರಿ ಹೆರೆದ ಹಾಗೆ ತೆಗೆದು ತೋರಿಸಿದರು. ಇಷ್ಟಕ್ಕೆಲ್ಲ ಹಿಡಿದದ್ದು ಹತ್ತು ನಿಮಿಷ. ಎರಡು ವರ್ಷ ನಾನು ಆ ಉಳಿಯನ್ನು ಬಡಿದು ಬಡಿದು, ಕೆಲಸ ಸರಿ ಬರುತ್ತಿಲ್ಲವೆಂದು ದೂರಿ, ಅದರ ಬದಲಿಗೆ ರೂಟರ್ ಕೊಂಡಿದ್ದೆ. ಸಾಣೆ ಹಿಡಿಯುವುದನ್ನು ಮೊದಲೇ ಕಲಿತಿದ್ದರೆ ಆ ₹6,800 ಉಳಿಯುತ್ತಿತ್ತು. ಆಚಾರ್ರಿಗೆ ಆ ದಿನ ಕಲಿಸಿದ್ದಕ್ಕೆ ಹಣ ಕೊಡಲು ಹೋದಾಗ ಅವರು ಸಂಕೋಚಪಟ್ಟರು. ಕಲಿಸಿದ ಕೆಲಸಕ್ಕೂ ಸಂಬಳ ತೆಗೆದುಕೊಳ್ಳಬಹುದು ಎಂಬುದು ಅವರ ಅಭ್ಯಾಸದಲ್ಲೇ ಇರಲಿಲ್ಲ.

ಇಲ್ಲಿ ಒಂದು ಹೋಲಿಕೆ ನನ್ನನ್ನು ಕಾಡುತ್ತದೆ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ಈ ಯೋಜನೆಯಲ್ಲಿ ಕುಶಲಕರ್ಮಿಯೊಬ್ಬರಿಗೆ ಉಪಕರಣಗಳ ಕಿಟ್‌ಗೆಂದು ಸಿಗುವ ನೆರವು ₹15,000. ಕಸುಬನ್ನು ನಂಬಿ ಸಂಸಾರ ಸಾಗಿಸಬೇಕಾದವರಿಗೆ ಸರ್ಕಾರ ಕೊಡುವುದು ಇಷ್ಟು. ಭಾನುವಾರದ ಖುಷಿಗೆಂದು ಕೆಲಸ ಮಾಡುವ ನಾನು ಯಂತ್ರಗಳಿಗೇ ಅದರ ನಾಲ್ಕು ಪಟ್ಟಿಗೂ ಹೆಚ್ಚು ಸುರಿದಿದ್ದೇನೆ. ನನ್ನ ₹68,000ದಲ್ಲಿ ಸುಮಾರು ₹10,370 ಶೇ 18ರ ಜಿಎಸ್‌ಟಿಯ ಪಾಲು. ಸಾಣೆ ಮತ್ತು ಸುರಕ್ಷತೆ ಎರಡಕ್ಕೂ ಸೇರಿಸಿ ನಾನು ಮಾಡಿದ ಖರ್ಚಿನ ನಾಲ್ಕು ಪಟ್ಟು. ಹವ್ಯಾಸಿ ತೆರಿಗೆ ಕಟ್ಟಲಿ, ತಕರಾರಿಲ್ಲ. ಆದರೆ ರೈತನ ಗುದ್ದಲಿ, ಕೊಡಲಿಗಳಿಗೆ ಇಲ್ಲದ ಈ ತೆರಿಗೆ ಬಡಗಿಯ ಉಳಿಗೂ ಗರಗಸಕ್ಕೂ ಏಕೆ ಎಂಬ ಪ್ರಶ್ನೆಯನ್ನು ನಮ್ಮ ಜನಪ್ರತಿನಿಧಿಗಳು ಜಿಎಸ್‌ಟಿ ಮಂಡಳಿಯ ಮುಂದಿಡಬೇಕು.

ಇನ್ನು ಈ ಯಂತ್ರಗಳು ಮಾಡುವ ಕೆಲಸವಾದರೂ ಎಷ್ಟು? ಕಳೆದ ವರ್ಷ ನನ್ನ ಮೈಟರ್ ಸಾ ಚಾಲೂ ಆದದ್ದು ಒಂಬತ್ತು ದಿನ, ಟೇಬಲ್ ಸಾ ಹನ್ನೊಂದು ದಿನ. ಉಳಿದ ದಿನಗಳಲ್ಲಿ ಅವು ಟಾರ್ಪಾಲಿನ ಕೆಳಗೆ ಕುಳಿತಿರುತ್ತವೆ. ಬಯಲುಸೀಮೆಯಲ್ಲಿ ಕುಳಿತ ಯಂತ್ರ ಹೇಗೋ ಇರುತ್ತದೆ. ನಮ್ಮ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥಂಡಿ ಹಿಡಿದ ಗಾಳಿಯಲ್ಲಿ ಟೇಬಲ್ ಸಾದ ಎರಕದ ಕಬ್ಬಿಣದ ಮೇಜಿನ ಮೇಲೆ ವಾರದೊಳಗೆ ಕಂದು ತುಕ್ಕು ಹರಡುತ್ತದೆ. ಕೊಬ್ಬರಿ ಎಣ್ಣೆ ಸವರಿ ಒರೆಸುತ್ತಾ ಕೂರುವುದೇ ಮಳೆಗಾಲದ ಕೆಲಸವಾಗುತ್ತದೆ. ನಮ್ಮ ಬೀದಿಯ ಹನ್ನೊಂದು ಮನೆಗಳಲ್ಲಿ ಕೇಳಿ ನೋಡಿದೆ: ಏಳು ಡ್ರಿಲ್ ಯಂತ್ರಗಳಿವೆ. ಪರದೆಯ ಸರಳು, ದೇವರ ಪಟ, ಟಿವಿ ಕೂರಿಸಲು ಗೋಡೆಗೆ ಹತ್ತೋ ಹದಿನೈದೋ ತೂತು ಕೊರೆದ ಮೇಲೆ ಹೆಚ್ಚಿನವು ಡಬ್ಬದಿಂದ ಹೊರಗೆ ಬಂದಿಲ್ಲ. ಬ್ಯಾಟರಿಯ ಯಂತ್ರ ಕೊಂಡವರ ಪಾಡು ಇನ್ನೂ ಕಷ್ಟ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲವಾದ್ದರಿಂದ, ಮೊದಲ ಡ್ರಿಲ್ ಯಾವ ಕಂಪನಿಯದೋ ಮುಂದಿನದೆಲ್ಲವನ್ನೂ ಅಲ್ಲಿಂದಲೇ ಕೊಳ್ಳುವಂತಾಗುತ್ತದೆ. ಶಬ್ದದ ಮಾತನ್ನೂ ಮರೆಯುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು ಹೊತ್ತಿನ ಶಬ್ದದ ಮಿತಿ 55 ಡೆಸಿಬಲ್ ಎಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಟೇಬಲ್ ಸಾ ಓಡುವಾಗ ಪಕ್ಕದ ಮನೆಯ ಮಕ್ಕಳು ಪರೀಕ್ಷೆಗೆ ಓದಲಾರರು ಎಂಬುದನ್ನು ತಿಳಿಯಲು ಯಾವ ಮಾಪಕವೂ ಬೇಕಿಲ್ಲ.

ಆದ್ದರಿಂದ ಜಿಲ್ಲಾಡಳಿತದ ಮುಂದೆ ನನ್ನದೊಂದು ಮನವಿ ಇದೆ. ಜಿಲ್ಲೆಯ ಸರ್ಕಾರಿ ಐಟಿಐ, ಪಾಲಿಟೆಕ್ನಿಕ್‌ಗಳ ಕಾರ್ಯಾಗಾರಗಳು ಭಾನುವಾರ ಬೀಗ ಹಾಕಿಕೊಂಡಿರುತ್ತವೆ. ಮರಗೆಲಸಕ್ಕೆ ಅನುಕೂಲವಿರುವ ಒಂದೇ ಒಂದು ಕಾರ್ಯಾಗಾರವನ್ನಾದರೂ ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹವ್ಯಾಸಿಗಳಿಗಾಗಿ ತೆರೆಯಬೇಕು. ಉಚಿತವಾಗಿ ಬೇಡ, ವರ್ಷಕ್ಕೊಂದು ಶುಲ್ಕ, ದಿನಕ್ಕೊಂದು ಶುಲ್ಕ ನಿಗದಿ ಮಾಡಲಿ. ಆ ಹಣದಿಂದ, ಕಸುಬು ಬಲ್ಲ ಬಡಗಿಯೊಬ್ಬರನ್ನು ಬೋಧಕರಾಗಿ ಗೌರವಯುತ ದಿನಗೂಲಿಯ ಮೇಲೆ ನೇಮಿಸಲಿ. ಅಂಥ ದಿನ ಅವರು ತಮ್ಮ ಕೆಲಸ ಬಿಟ್ಟು ಬರುವುದರಿಂದ ಹೊರಗಿನ ಕೂಲಿಗಿಂತ ಕಡಿಮೆ ಕೊಡಬಾರದು. ಯಂತ್ರ ಮುಟ್ಟುವ ಮೊದಲು ಪ್ರತಿಯೊಬ್ಬ ಸದಸ್ಯನೂ ಎರಡು ಭಾನುವಾರ ಸಾಣೆ ಹಿಡಿಯುವುದು, ಮರ ಒಣಗಿಸುವುದು, ಗಾರ್ಡು ತೆಗೆಯದೆ ಕೆಲಸ ಮಾಡುವುದು ಇಷ್ಟನ್ನು ಕಡ್ಡಾಯವಾಗಿ ಕಲಿಯಬೇಕೆಂಬ ನಿಯಮವಿರಲಿ. ಅಪಘಾತದ ಹೊಣೆಯ ಪ್ರಶ್ನೆ ಖಂಡಿತ ಏಳುತ್ತದೆ. ಸದಸ್ಯತ್ವದ ಜೊತೆಗೇ ವಿಮೆ ಮಾಡಿಸಿದರೆ, ಬೋಧಕರಿಲ್ಲದೆ ಯಂತ್ರಕ್ಕೆ ವಿದ್ಯುತ್ ಹರಿಯದಂತೆ ಮುಖ್ಯ ಸ್ವಿಚ್ಚಿಗೆ ಬೀಗ ಇಟ್ಟರೆ, ಮನೆಯ ಶೆಡ್ಡಿನಲ್ಲಿ ಒಬ್ಬಂಟಿಯಾಗಿ ಗ್ರೈಂಡರ್ ಹಿಡಿಯುವುದಕ್ಕಿಂತ ಅದು ಎಷ್ಟೋ ಸುರಕ್ಷಿತ ಎಂದು ಹೊಲಿಗೆ ಹಾಕಿಸಿಕೊಂಡ ಅನುಭವದಿಂದ ಹೇಳಬಲ್ಲೆ.

ಉಪಕರಣ ಎರವಲು ಕೊಡುವ ವ್ಯವಸ್ಥೆ ಜಗತ್ತಿಗೆ ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ನಗರದ ಸಾರ್ವಜನಿಕ ಗ್ರಂಥಾಲಯವು 1979ರಿಂದ ತನ್ನ ಸದಸ್ಯರಿಗೆ ಪುಸ್ತಕದ ಹಾಗೆಯೇ ಡ್ರಿಲ್, ಗರಗಸ, ಏಣಿಗಳನ್ನು ಎರವಲು ಕೊಡುತ್ತಿದೆ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವೆಲ್ಲ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಆ ಹಣ ಪುಸ್ತಕಕ್ಕೇ ಹೋಗಬೇಕು, ಅದನ್ನು ಡ್ರಿಲ್ಲಿಗೆ ತಿರುಗಿಸಿ ಎಂದು ನಾನು ಕೇಳುವುದಿಲ್ಲ. ಆದರೆ ಕಾರ್ಡು ಮಾಡಿಸಿ, ಠೇವಣಿ ಇಟ್ಟು, ಎರವಲು ತಂದು, ಹೇಳಿದ ದಿನಕ್ಕೆ ಹಿಂತಿರುಗಿಸುವ ಶಿಸ್ತು ನಮ್ಮ ಓದುಗರಿಗೆ ಆರು ದಶಕಗಳಿಂದ ಗೊತ್ತಿದೆ. ಗೋಡೆಗೆ ನಾಲ್ಕು ತೂತು ಕೊರೆಯಬೇಕಾದವರಿಗೆ ಅದೇ ಶಿಸ್ತಿನಲ್ಲಿ ಭಾನುವಾರದ ಕಾರ್ಯಾಗಾರದಿಂದಲೇ ಡ್ರಿಲ್ ಮನೆಗೆ ಸಿಗುವಂತಾದರೆ ಹೊಸ ಯಂತ್ರ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುತ್ತಿರುವ ಸ್ನೇಹಿತರಲ್ಲೂ ಒಂದು ಮಾತು. ಮೊದಲ ವರ್ಷ ಎರಡು ಉಳಿ, ಒಂದು ಗರಗಸ, ಒಂದು ಹತ್ತರಿ, ಮೂಲೆಮಟ್ಟ ಮತ್ತು ಸಾಣೆಕಲ್ಲು ಸಾಕು. ಉಳಿದ ಹಣದಲ್ಲಿ ನಿಮ್ಮ ಬೀದಿಯ ಬಡಗಿಗೆ ಒಂದು ದಿನದ ಕೂಲಿ ಕೊಟ್ಟು ಪಕ್ಕದಲ್ಲಿ ಕುಳಿತು ನೋಡಿ. ಬೀಟೆ, ತೇಗದ ಆಸೆ ಆಮೇಲಿರಲಿ; ಹಲಸು, ಸಿಲ್ವರ್ ಓಕ್‌ಗಳಲ್ಲಿ ಕೈ ಪಳಗಲಿ.

ಇಂಥ ಕಾರ್ಯಾಗಾರವೊಂದು ಆರಂಭವಾಗುವುದಾದರೆ ನನ್ನ ಟೇಬಲ್ ಸಾ, ಮೈಟರ್ ಸಾ ಎರಡನ್ನೂ ಗಾರ್ಡು ಸಮೇತ, ಬಿಲ್ಲು ಸಮೇತ ಅದಕ್ಕೆ ಕೊಟ್ಟುಬಿಡಲು ಸಿದ್ಧನಿದ್ದೇನೆ. ನನ್ನ ಹಾಗೆಯೇ ಯಂತ್ರಗಳನ್ನು ಮುಚ್ಚಿಟ್ಟಿರುವ ಇನ್ನಿಬ್ಬರು ಗೆಳೆಯರೂ ಒಪ್ಪಿದ್ದಾರೆ. ಸಂಬಂಧಪಟ್ಟ ಅಧಿಕಾರಿಗಳು ಮಳೆಗಾಲ ಹಿಡಿಯುವ ಮೊದಲು ಒಂದು ಸಭೆ ಕರೆದರೆ ನಾವು ಮೂವರೂ ಬರುತ್ತೇವೆ; ಆಚಾರ್ರನ್ನೂ ಕರೆತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ನೌಕರ,
ವಿಜಯಪುರ ಬಡಾವಣೆ, ಚಿಕ್ಕಮಗಳೂರು